ಎರಡು ಫೋಟೊಗಳು ಗೋಡೆಗೆ ಏರಿದ ಬಗೆ

ಮಂಜು ಮುಸುಕಿದ ಕಾಡಿನ ಒಂದು ಬೆಳಗು ಮತ್ತು ಕಿಟಕಿಯ ಬಳಿ ಕುಳಿತ ಅಜ್ಜಿಯ ಮುಖ: ದೊಡ್ಡ ಅಳತೆಯಲ್ಲಿ ಮುದ್ರಿಸಲೆಂದು ನಾನು ಆರಿಸಿಕೊಂಡದ್ದು ಈ ಎರಡು ಚಿತ್ರಗಳನ್ನು. ಮೊದಲನೆಯದನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ ತೆಗೆದಿದ್ದೆ. ಎರಡನೆಯದು 12 ಮೆಗಾಪಿಕ್ಸೆಲ್‌ನ ಮೊಬೈಲಿನಲ್ಲಿ ಯಾವ ಸಿದ್ಧತೆಯೂ ಇಲ್ಲದೆ ತೆಗೆದದ್ದು. ಕಾಡಿನ ಚಿತ್ರ 30×20 ಇಂಚು, ಅಜ್ಜಿಯ ಚಿತ್ರ 16×20 ಇಂಚು ಇರಲಿ ಎಂದು ನಿರ್ಧರಿಸಿದೆ. ಅದುವರೆಗೆ ನಾನು ಅಂಗೈಯಗಲದ ಪ್ರಿಂಟುಗಳನ್ನು ಬಿಟ್ಟರೆ ಬೇರೇನನ್ನೂ ಮಾಡಿಸಿದವನಲ್ಲ. ದೊಡ್ಡ ಮುದ್ರಣವೆಂದರೆ ಮೆಗಾಪಿಕ್ಸೆಲ್‌ಗಳ ಲೆಕ್ಕ ಎಂಬ ಮಾತನ್ನು ಮಾತ್ರ ಕೇಳಿದ್ದೆ. ಕೆಲಸಕ್ಕೆ ಇಳಿದ ಮೇಲೆ ಆ ಲೆಕ್ಕ ಬೇಗನೆ ಮುಗಿಯಿತು. ಉಳಿದ ಹೊತ್ತೆಲ್ಲ ಹೋದದ್ದು, ತಾನೇ ಬೆಳಗುವ ಪರದೆಯಲ್ಲಿ ಕಂಡ ಚಿತ್ರವು ಹೊರಗಿನ ಬೆಳಕು ಬಿದ್ದಾಗಷ್ಟೇ ಕಾಣಿಸುವ ಕಾಗದದ ಮೇಲೆ ಹೇಗೆ ಬಂದೀತು ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡುವುದರಲ್ಲಿ.

ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್‌ಗಳಿದ್ದವು. 6000 ಪಿಕ್ಸೆಲ್‌ಗಳನ್ನು 30 ಇಂಚಿಗೆ ಹಂಚಿದರೆ ಇಂಚಿಗೆ 200 ಬರುತ್ತದೆ. ಅಂದರೆ 200 ಪಿಪಿಐ. ಎಲ್ಲರೂ ಹೇಳುವ 300 ಪಿಪಿಐ ನಿಯಮವನ್ನು ಅಕ್ಷರಶಃ ಪಾಲಿಸಿದ್ದರೆ ಈ ಚಿತ್ರ 20 ಇಂಚು ಅಗಲಕ್ಕೇ ನಿಲ್ಲಬೇಕಿತ್ತು. ಆದರೆ ಆ ನಿಯಮ ಎಲ್ಲಿಂದ ಬಂತೆಂದು ನೋಡಿದಾಗ ಅದರ ಬಿಗಿ ಸಡಿಲವಾಯಿತು. ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು ಒಂದು ಆರ್ಕ್ ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದು. ಒಂದು ಅಡಿ ದೂರದಿಂದ ನೋಡುವವರಿಗೆ ಈ ಮಿತಿ ಇಂಚಿಗೆ ಸುಮಾರು 286 ಪಿಕ್ಸೆಲ್ ಆಗುತ್ತದೆ. ಒಂದು ಮೀಟರ್ ದೂರಕ್ಕೆ ಸರಿದರೆ ಅದು 87ಕ್ಕೆ ಇಳಿಯುತ್ತದೆ. ಹಾಗಾಗಿ 300 ಎಂಬುದು ಕೈಯಲ್ಲಿ ಹಿಡಿದು ನೋಡುವ ಮುದ್ರಣದ ಅಳತೆಯೇ ಹೊರತು ಗೋಡೆಯ ಮೇಲಿನ ಚಿತ್ರದ್ದಲ್ಲ. 30×20 ಇಂಚಿನ ಚಿತ್ರದ ಕರ್ಣ 36 ಇಂಚು. ಅಷ್ಟು ದೂರ ನಿಂತು ನೋಡುವವರಿಗೆ 100 ಪಿಪಿಐಯೇ ಸಾಕು, 200 ಅದರ ಎರಡರಷ್ಟು. ಹೀಗಿದ್ದರೂ ಒಂದು ಮಾತು ಸೇರಿಸಬೇಕು. ಕಾಡು, ಕೊಂಬೆ, ಎಲೆಗಳಂಥ ಸೂಕ್ಷ್ಮ ವಿವರಗಳ ಚಿತ್ರವಿದ್ದರೆ ನೋಡುವವರು ದೂರ ನಿಲ್ಲುವುದೇ ಇಲ್ಲ, ಮೂಗು ತಾಗುವಷ್ಟು ಹತ್ತಿರ ಬರುತ್ತಾರೆ. ಮುಖದ ಚಿತ್ರಕ್ಕೆ ಆ ಕಾಟ ಕಡಿಮೆ.

ಕಡತದ ಮಾಹಿತಿಯಲ್ಲಿ ಬರೆದಿರುವ ‘72 ಡಿಪಿಐ’ (ಇಂಚಿಗೆ 72 ಚುಕ್ಕೆ) ಎಂಬ ಸಂಖ್ಯೆಯನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಪಿಕ್ಸೆಲ್‌ಗಳ ಒಟ್ಟು ಸಂಖ್ಯೆ ಬದಲಾಗದ ಹೊರತು ಅಲ್ಲಿ 72 ಇದ್ದರೂ 300 ಇದ್ದರೂ ಚಿತ್ರ ಅದೇ. ಪ್ರಿಂಟರಿನ ವಿವರಪಟ್ಟಿಯಲ್ಲಿ ಕಾಣುವ 1440 ಅಥವಾ 2880 ಡಿಪಿಐ ಎಂಬುದೂ ಶಾಯಿಯ ಹನಿಗಳ ಲೆಕ್ಕ. ಚಿತ್ರದ ಒಂದೊಂದು ಪಿಕ್ಸೆಲ್ಲಿನ ಬಣ್ಣವನ್ನು ಕೂಡಿಸಲು ಅಂಥ ಹಲವು ಹನಿಗಳು ಬೇಕು.

ಮೂಲ ಕಡತವನ್ನು ಹುಡುಕಿ ತೆಗೆಯುವುದೇ ಮುಂದಿನ ಕೆಲಸವಾಯಿತು. ಅಜ್ಜಿಯ ಚಿತ್ರದ ಪ್ರತಿಗಳು ಮನೆಯವರೆಲ್ಲರ ಮೊಬೈಲುಗಳಲ್ಲೂ ಇದ್ದವು, ಆದರೆ ಅವೆಲ್ಲ ಸಂದೇಶದ ಆ್ಯಪ್ ಮೂಲಕ ಹಂಚಿಕೆಯಾಗುವಾಗ ಕುಗ್ಗಿದವು. ಚಿತ್ರ ತೆಗೆದ ಮೊಬೈಲಿನಿಂದಲೇ ಕೇಬಲ್ ಹಾಕಿ 4000×3000 ಪಿಕ್ಸೆಲ್‌ನ ಮೂಲವನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಕಾಡಿನ ಚಿತ್ರದ ರಾ ಫೈಲ್, ಅಂದರೆ ಸೆನ್ಸರ್ ಸೆರೆಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸಿದ ಕಡತ, ನನ್ನ ಬಳಿಯೇ ಇತ್ತು, ಮತ್ತು ಈ ಚಿತ್ರದ ಮಟ್ಟಿಗೆ ಅದು ದೊಡ್ಡ ಅನುಕೂಲವಾಯಿತು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಿರುತ್ತವೆ. 14 ಬಿಟ್ ರಾ ಫೈಲಿನಲ್ಲಿ 16384. ಮಂಜೆಂದರೆ ಬಿಳಿಯಿಂದ ಬೂದುಬಣ್ಣಕ್ಕೆ ನಿಧಾನವಾಗಿ ಇಳಿಯುವ ಹರವು. ಅಂಥ ಕಡೆ ಬೆಳಕನ್ನೂ ಕಾಂಟ್ರಾಸ್ಟನ್ನೂ ತಿದ್ದುತ್ತ ಹೋದಂತೆ ಮೆಟ್ಟಿಲುಗಳು ಕಡಿಮೆ ಇದ್ದರೆ ಪಟ್ಟೆಗಳು ಎದ್ದು ಕಾಣತೊಡಗುತ್ತವೆ, ಮತ್ತು ಚಿಕ್ಕ ಪ್ರಿಂಟಿನಲ್ಲಿ ಮರೆಯಾಗುವ ಪಟ್ಟೆ 30 ಇಂಚಿನಲ್ಲಿ ಅಡಗುವುದಿಲ್ಲ. ಆದ್ದರಿಂದ ರಾ ಫೈಲನ್ನು 16 ಬಿಟ್ ಚಿತ್ರವಾಗಿ ತೆರೆದು, ಕೊನೆಯ ಹಂತದವರೆಗೂ ಅದೇ ರೂಪದಲ್ಲಿ ಇಟ್ಟುಕೊಂಡೆ.

ತಿದ್ದುಪಡಿಗೆ ಕೈಹಾಕುವ ಮೊದಲು ಮಾನಿಟರನ್ನು ಅಳೆಯಬೇಕೆಂದು ಅನುಭವಿಗಳು ಹೇಳುತ್ತಿದ್ದುದು ನನಗೆ ಸ್ವಲ್ಪ ಅತಿಯೆನಿಸಿತ್ತು. ಆದರೂ ಪರಿಚಿತರೊಬ್ಬರಿಂದ ಪರದೆಯ ಬಣ್ಣ, ಬೆಳಕು ಅಳೆಯುವ ಕಲರಿಮೀಟರ್ ಎರವಲು ತಂದು, ಬಿಳಿಯನ್ನು 6500 ಕೆಲ್ವಿನ್‌ಗೂ ಗಾಮಾವನ್ನು (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ಬಗೆ) 2.2ಕ್ಕೂ ಬೆಳಕನ್ನು ಚದರ ಮೀಟರಿಗೆ 100 ಕ್ಯಾಂಡೆಲಾಗೂ ಹೊಂದಿಸಿದೆ. ಮುದ್ರಣಕ್ಕಾಗಿ ಚಿತ್ರ ತಿದ್ದುವವರು ಸಾಮಾನ್ಯವಾಗಿ 80ರಿಂದ 120ರ ನಡುವೆ ಇಟ್ಟುಕೊಳ್ಳುತ್ತಾರೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಮಾನಿಟರುಗಳು ಇದರ ಎರಡು ಮೂರು ಪಟ್ಟು ಬೆಳಗುವುದು ಸಾಮಾನ್ಯ. ಹೊಂದಿಸಿದ ಕೂಡಲೇ ಪರದೆ ಮಂಕಾಗಿ, ಹಳದಿಗೆ ತಿರುಗಿದಂತೆ ಕಂಡಿತು. ಕಣ್ಣು ಒಗ್ಗಿಕೊಂಡ ಮೇಲೆ ಕಾಡಿನ ಚಿತ್ರವನ್ನು ತೆರೆದರೆ, ಮುಂದಿನ ಮರದ ಕಾಂಡ ಒಂದು ಕಪ್ಪು ಆಕಾರವಾಗಿಬಿಟ್ಟಿತ್ತು. ತೊಗಟೆಯ ಬಿರುಕುಗಳು, ಬುಡದಲ್ಲಿದ್ದ ಜರೀಗಿಡಗಳು ಎಲ್ಲವೂ ಒಂದಾಗಿದ್ದವು. ಚಿತ್ರ ಮೊದಲಿನಿಂದಲೂ ಅಷ್ಟೇ ಕತ್ತಲಾಗಿತ್ತು, ಅದನ್ನು ಪ್ರಕಾಶಮಾನವಾಗಿ ತೋರಿಸುತ್ತಿದ್ದುದು ಪರದೆಯ ದೀಪ. ಫೋಟೊ ಮುದ್ರಿಸುವ ಲ್ಯಾಬಿನವರ ಹತ್ತಿರ ಬರುವ ದೂರುಗಳಲ್ಲಿ ‘ಪ್ರಿಂಟ್ ಕಪ್ಪಾಗಿ ಬಂದಿದೆ’ ಎಂಬುದೇ ಮೊದಲನೆಯದು ಏಕೆ ಎಂಬುದು ಆಗ ತಿಳಿಯಿತು. ಕಲರಿಮೀಟರ್ ಸಿಗದವರು ಕಡೆಯ ಪಕ್ಷ ಪರದೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಖಾಲಿ ಬಿಳಿ ಪುಟ ಆ ಹಾಳೆಗಿಂತ ತೀರ ಪ್ರಕಾಶಮಾನವಾಗಿ ಕಾಣದಂತೆ ಬೆಳಕನ್ನು ತಗ್ಗಿಸಬಹುದು. ನಿಖರವಲ್ಲದಿದ್ದರೂ ದಿಕ್ಕು ಸರಿಯಿರುತ್ತದೆ.

ನೆರಳುಗಳನ್ನು ಎತ್ತುವಾಗ ಕಣ್ಣಿನ ಜೊತೆಗೆ ಹಿಸ್ಟೋಗ್ರಾಮನ್ನೂ (ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂದು ತೋರಿಸುವ ನಕ್ಷೆ) ನೋಡುತ್ತಿದ್ದೆ. ಮಂಜಿನ ಅತಿ ಬೆಳಕಿನ ಭಾಗ ಪೂರ್ತಿ ಬಿಳಿಯಾದರೆ ಅಲ್ಲಿ ಶಾಯಿಯೇ ಬೀಳುವುದಿಲ್ಲ, ಬರಿಯ ಕಾಗದ ಉಳಿಯುತ್ತದೆ. ಓರೆಯಾಗಿ ನೋಡಿದರೆ ಹೊಳಪಿನ ವ್ಯತ್ಯಾಸದಿಂದ ಅದು ಕಲೆಯಂತೆ ಕಾಣುವುದೂ ಉಂಟು. ಆದ್ದರಿಂದ ಅತಿ ಬಿಳಿಯನ್ನು, 0 ಕಪ್ಪು 255 ಪೂರ್ತಿ ಬಿಳಿ ಎಂಬ ಅಳತೆಯಲ್ಲಿ, 255ರ ಬದಲು 245ರ ಆಸುಪಾಸಿನಲ್ಲಿ ನಿಲ್ಲಿಸಿದೆ.

ನಂತರದ್ದು ಗುಡಿಸುವ ಕೆಲಸ. ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ, ಎಡ ಮೇಲ್ಮೂಲೆಯಿಂದ ಆರಂಭಿಸಿ ಸಾಲುಸಾಲಾಗಿ ಕೆಳಗೆ ಇಳಿದೆ. ಬೇಸರದ ಕೆಲಸವೇ, ಆದರೆ ಬಿಡುವಂತಿಲ್ಲ. ದೃಶ್ಯದ ಆಳವೆಲ್ಲ ಸ್ಪಷ್ಟವಾಗಿರಲೆಂದು ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/11ಕ್ಕೆ ಕಿರಿದಾಗಿಸಿ ತೆಗೆದಿದ್ದರಿಂದ ಸೆನ್ಸರಿನ ಮೇಲಿನ ಧೂಳು ಮಂಜಿನ ನಡುವೆ ಬೂದು ಚುಕ್ಕೆಗಳಾಗಿ ಮೂಡಿತ್ತು. ಕಿರಿಯ ಅಪರ್ಚರ್‌ಗಳಲ್ಲಿ ಈ ಚುಕ್ಕೆಗಳು ಹೆಚ್ಚು ಗಟ್ಟಿಯಾಗಿ ಕಾಣುತ್ತವೆ. ಒಂದೊಂದನ್ನೂ ಹೀಲಿಂಗ್ ಬ್ರಷ್‌ನಿಂದ ಅಳಿಸಿದೆ. ಬಿಳಿ ಮಂಜಿಗೆ ಎದುರಾಗಿ ನಿಂತ ತೆಳು ಕೊಂಬೆಗಳ ಅಂಚಿನಲ್ಲಿ ನೇರಳೆ ಮತ್ತು ಹಸಿರು ಗೆರೆಗಳಿದ್ದವು. ಲೆನ್ಸಿನ ಈ ದೋಷವನ್ನು ತೆಗೆಯುವ ಆಯ್ಕೆ ರಾ ತಂತ್ರಾಂಶದಲ್ಲೇ ಇತ್ತು. ನಾಯ್ಸ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿದೆ. 100 ಪ್ರತಿಶತದಲ್ಲಿ ಎದ್ದು ಕಾಣುವ ಕಾಳುಕಾಳು ಕಾಗದದ ಮೇಲೆ ಬಹುಮಟ್ಟಿಗೆ ಮರೆಯಾಗುತ್ತದೆ. ಮಾನಿಟರಿನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್‌ಗಳಿದ್ದರೆ, 200 ಪಿಪಿಐಯಲ್ಲಿ ಮುದ್ರಿಸುವ ಚಿತ್ರವನ್ನು 100 ಪ್ರತಿಶತದಲ್ಲಿ ನೋಡುವುದೆಂದರೆ ಮುದ್ರಣದ ಎರಡರಷ್ಟು ಗಾತ್ರದಲ್ಲಿ ನೋಡಿದ ಹಾಗೆ. ನಿಜವಾದ ಗಾತ್ರಕ್ಕೆ ಹತ್ತಿರವಾಗುವುದು 50 ಪ್ರತಿಶತ. ಅಲ್ಲದೆ ಮಂಜಿನಲ್ಲಿ ಉಳಿದ ಸಣ್ಣ ನಾಯ್ಸ್ ಪಟ್ಟೆಗಳನ್ನು ಒಡೆದು ಹರವನ್ನು ನುಣುಪಾಗಿಸುತ್ತದೆ. ಅದನ್ನು ಪೂರ್ತಿ ಒರೆಸಿದ ಪ್ರತಿಯೊಂದನ್ನು ಹೋಲಿಕೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಮಂಜು ಪ್ಲಾಸ್ಟಿಕ್ಕಿನಂತೆ ಕಾಣುತ್ತಿತ್ತು.

ಅಜ್ಜಿಯ ಚಿತ್ರದ ಸಮಸ್ಯೆಗಳೇ ಬೇರೆ. ಮೊಬೈಲಿನ ಸಣ್ಣ ಸೆನ್ಸರಿನಿಂದ ಬಂದ ನಾಯ್ಸನ್ನು ಅದರೊಳಗಿನ ತಂತ್ರಾಂಶ ತಾನಾಗಿಯೇ ಅಳಿಸಿ, ಮೇಲೆ ಗಾಢವಾದ ಶಾರ್ಪನಿಂಗ್ (ಅಂಚುಗಳನ್ನು ಹರಿತಗೊಳಿಸುವ ತಿದ್ದುಪಡಿ) ಬಳಿದಿತ್ತು. ಪರಿಣಾಮವಾಗಿ ಬಿಳಿಗೂದಲು ಎಳೆಎಳೆಯಾಗಿರದೆ ಕುಂಚದಿಂದ ಎಳೆದ ಗೀಟುಗಳಂತಿತ್ತು, ಕೆನ್ನೆಯ ಚರ್ಮ ಮೇಣದಂತಿತ್ತು, ಸೀರೆಯ ಅಂಚಿನ ಸುತ್ತ ಬಿಳಿಯ ಗೆರೆಯೊಂದು ಹರಿದಿತ್ತು. ಇಲ್ಲಿ ಇನ್ನಷ್ಟು ಶಾರ್ಪನಿಂಗ್ ಮಾಡಿದರೆ ಇರುವ ದೋಷಗಳೇ ದೊಡ್ಡದಾಗುತ್ತವೆ. ಅದರ ಬದಲು ಸೂಕ್ಷ್ಮ ವಿವರ ಮತ್ತು ಅಂಚುಗಳನ್ನು ಎದ್ದು ಕಾಣಿಸುವ ಟೆಕ್ಸ್ಚರ್, ಕ್ಲಾರಿಟಿ ಎಂಬ ಆಯ್ಕೆಗಳನ್ನು ತುಸು ಇಳಿಸಿ, ಸೀರೆಯ ಅಂಚಿನ ಗೆರೆಯನ್ನು ಬ್ರಷ್ ಹಿಡಿದು ಕಪ್ಪಾಗಿಸಿ, ಕೊನೆಗೆ ಇಡೀ ಚಿತ್ರದ ಮೇಲೆ ಫಿಲ್ಮಿನ ಗ್ರೇನ್ ಹೋಲುವ ಸಣ್ಣ ಕಾಳನ್ನು ಹರಡಿದೆ. ನಾಯ್ಸ್ ತೆಗೆಯಲು ಹೆಣಗುವವರ ನಡುವೆ ನಾಯ್ಸ್ ಸೇರಿಸುವುದು ವಿಚಿತ್ರವೆನಿಸಬಹುದು. ಆದರೆ ಕಣ್ಣು ಆ ಕಾಳನ್ನು ವಿವರವೆಂದೇ ಓದುತ್ತದೆ, ಮೇಣದ ಭಾವ ಕಡಿಮೆಯಾಗುತ್ತದೆ.

ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಹಿಗ್ಗಿಸುವ ತಂತ್ರಾಂಶವನ್ನೂ ಪ್ರಯತ್ನಿಸಿದೆ. ಕಾಡಿನ ಮೇಲೆ ಅದರ ಕೆಲಸ ಚೆನ್ನಾಗಿಯೇ ಇತ್ತು, ಎಲೆಗಳ ಅಂಚುಗಳು ಹರಿತವಾದವು. ಅಜ್ಜಿಯ ಮುಖದ ಮೇಲೆ ಮಾತ್ರ ಅದು ಇಲ್ಲದ ರೆಪ್ಪೆಗೂದಲನ್ನು ನೆಟ್ಟು, ಕಣ್ಣಿನ ಕೆಳಗಿನ ನಿರಿಗೆಗಳನ್ನು ತನಗೆ ತೋಚಿದ ಹಾಗೆ ಮತ್ತೆ ಬರೆದುಬಿಟ್ಟಿತು. ಚೂಪಾದ, ಸುಂದರವಾದ ಮುಖವೇ, ಆದರೆ ನಮ್ಮಜ್ಜಿಯದಲ್ಲ. ಅಂಥ ತಂತ್ರಾಂಶಗಳು ತಾವು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಇಲ್ಲಿ ಏನಿದ್ದಿರಬಹುದು ಎಂದು ಊಹಿಸುತ್ತವೆ, ಎಲೆಯ ವಿಷಯದಲ್ಲಿ ಆ ಊಹೆ ಯಾರನ್ನೂ ನೋಯಿಸುವುದಿಲ್ಲ. ಕೊನೆಗೆ ಎರಡೂ ಚಿತ್ರಗಳಿಗೆ ಸುತ್ತಲಿನ ಪಿಕ್ಸೆಲ್‌ಗಳ ಲೆಕ್ಕದಿಂದ ಹೊಸದನ್ನು ತುಂಬುವ ಬೈಕ್ಯೂಬಿಕ್ ಎಂಬ ಹಳೆಯ ವಿಧಾನವನ್ನೇ ಬಳಸಿದೆ. ಲ್ಯಾಬಿನವರು 300 ಪಿಪಿಐ ಕಡತ ಕೇಳಿದ್ದರಿಂದ ಕಾಡಿನ ಚಿತ್ರ 9000×6000ಕ್ಕೆ, ಅಜ್ಜಿಯ ಚಿತ್ರ 4800×6000ಕ್ಕೆ ಹಿಗ್ಗಿತು. ಇದರಿಂದ ಹೊಸ ವಿವರವೇನೂ ಹುಟ್ಟುವುದಿಲ್ಲ. ಹಿಗ್ಗಿಸುವ ಕೆಲಸವನ್ನು ಪ್ರಿಂಟರಿಗೆ ಬಿಡದೆ ನಾವೇ ಮಾಡಿ, ಅಂತಿಮ ಶಾರ್ಪನಿಂಗನ್ನು ಅಂತಿಮ ಪಿಕ್ಸೆಲ್‌ಗಳ ಮೇಲೆಯೇ ಮಾಡಲು ಸಾಧ್ಯವಾಗುತ್ತದೆ, ಅಷ್ಟೇ.

ಹಿಗ್ಗಿಸುವ ಮೊದಲೇ ಆಕಾರದ ಪ್ರಶ್ನೆಯನ್ನು ಬಗೆಹರಿಸಬೇಕಾಯಿತು. ಕ್ಯಾಮೆರಾದ ಚಿತ್ರ 3:2 ಅನುಪಾತದ್ದು, 30×20 ಕಾಗದವೂ ಅದೇ, ತೊಂದರೆಯಿಲ್ಲ. ಮೊಬೈಲಿನ ಚಿತ್ರ 4:3. 16×20 ಇಂಚಿನದು 4:5. ನಿಲುವಾಗಿ ತೆಗೆದ 3000×4000 ಚಿತ್ರವನ್ನು ಅದಕ್ಕೆ ಹೊಂದಿಸಿದರೆ ಎತ್ತರದಲ್ಲಿ 250 ಪಿಕ್ಸೆಲ್ ಹೋಗುತ್ತದೆ. ಎಲ್ಲಿಂದ ಕತ್ತರಿಸಬೇಕೆಂಬುದನ್ನು ಲ್ಯಾಬಿನ ಯಂತ್ರಕ್ಕೆ ಬಿಟ್ಟರೆ ಅದು ಮೇಲೆ ಕೆಳಗೆ ಸಮಸಮವಾಗಿ ತೆಗೆಯುತ್ತದೆ; ನನಗೆ ಬೇಕಿದ್ದುದು ತಲೆಯ ಮೇಲಿನ ಖಾಲಿ ಗೋಡೆಯನ್ನು ಪೂರ್ತಿ ತೆಗೆದು, ಮಡಿಲಲ್ಲಿ ಕೂಡಿಸಿಟ್ಟ ಕೈಗಳನ್ನು ಉಳಿಸಿಕೊಳ್ಳುವುದು. ಅಂಚಿನಲ್ಲಿ ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಅತ್ತಿತ್ತ ಆಗುತ್ತದೆ, ಮೇಲೆ ಚೌಕಟ್ಟಿನ ತುಟಿ ಇನ್ನಷ್ಟು ಮುಚ್ಚುತ್ತದೆ. ಆದ್ದರಿಂದ ಮುಖ್ಯವಾದುದೇನೂ ಅಂಚಿಗೆ ತಾಗದಂತೆ ನೋಡಿಕೊಂಡೆ. ಕ್ಯಾನ್ವಾಸ್ ಮೇಲೆ ಮುದ್ರಿಸಿ ಮರದ ಪಟ್ಟಿಗೆ ಸುತ್ತುವವರು ಪ್ರತಿ ಬದಿಗೂ ಒಂದೂವರೆ ಎರಡು ಇಂಚು ಹೆಚ್ಚುವರಿ ಚಿತ್ರ ಬಿಟ್ಟುಕೊಳ್ಳಬೇಕಾಗುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ.

ಕಾಗದದ ಆಯ್ಕೆಯನ್ನು ನಾನು ಅಂದಚೆಂದದ ಪ್ರಶ್ನೆಯೆಂದು ಭಾವಿಸಿದ್ದೆ, ಅದು ಬಹುಮಟ್ಟಿಗೆ ಕಪ್ಪಿನ ಪ್ರಶ್ನೆ. ಮುದ್ರಿತ ಕಪ್ಪಿನ ಸಾಂದ್ರತೆಯನ್ನು ಲಾಗರಿದಮ್ ಅಳತೆಯಲ್ಲಿ ಹೇಳುತ್ತಾರೆ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಅದು 1.6ರ ಆಸುಪಾಸು, ಅಂದರೆ ಬಿದ್ದ ಬೆಳಕಿನ ಸುಮಾರು 40ನೇ ಒಂದು ಭಾಗ ಮರಳಿ ಬರುತ್ತದೆ. ಹೊಳೆಯುವ ಗ್ಲಾಸಿ ಮತ್ತು ಅರೆಹೊಳಪಿನ ಲಸ್ಟರ್ ಕಾಗದಗಳಲ್ಲಿ 2ಕ್ಕೂ ಹೆಚ್ಚು, ಅಂದರೆ 100ನೇ ಒಂದು ಭಾಗಕ್ಕಿಂತ ಕಡಿಮೆ. ಸಾಧಾರಣ ಮಾನಿಟರಿನಲ್ಲೇ ಬಿಳಿಗೂ ಕಪ್ಪಿಗೂ 1000ಕ್ಕೆ 1ರ ಅಂತರವಿರುತ್ತದೆ. ಇಷ್ಟು ಅಗಲದ ಹರವನ್ನು ಕಾಗದದ ಕಿರಿದಾದ ಹರವಿನೊಳಗೆ ಕೂರಿಸುವಾಗ ಮೊದಲು ಬಲಿಯಾಗುವುದು ನೆರಳಿನ ವಿವರ. ಲ್ಯಾಬಿನವರು ಕೊಟ್ಟ ಐಸಿಸಿ ಪ್ರೊಫೈಲುಗಳನ್ನು (ಒಂದೊಂದು ಕಾಗದದಲ್ಲಿ ಬಣ್ಣಗಳು ಹೇಗೆ ಬರುತ್ತವೆಂದು ವಿವರಿಸುವ ಕಡತಗಳು) ಹಾಕಿಕೊಂಡು ಸಾಫ್ಟ್ ಪ್ರೂಫಿಂಗ್ ಮಾಡಿದಾಗ, ಅಂದರೆ ಆ ಕಾಗದದಲ್ಲಿ ಚಿತ್ರ ಹೇಗೆ ಬಂದೀತೆಂಬುದನ್ನು ಪರದೆಯಲ್ಲೇ ಅನುಕರಿಸಿ ನೋಡಿದಾಗ, ಮ್ಯಾಟ್‌ನಲ್ಲಿ ಮರದ ಕಾಂಡ ಮತ್ತೆ ಮುಚ್ಚಿಹೋಯಿತು. ಹೀಗಾಗಿ ಕಾಡಿಗೆ ಲಸ್ಟರ್ ನಿಶ್ಚಯವಾಯಿತು. ಅಜ್ಜಿಯ ಚಿತ್ರದಲ್ಲಿ ಗಾಢ ಕಪ್ಪು ಇರಲೇ ಇಲ್ಲ, ಜೊತೆಗೆ ಮ್ಯಾಟ್ ಕಾಗದದ ಒರಟು ಮೈ ಮೊಬೈಲಿನ ಕೃತಕ ಹರಿತವನ್ನು ಮೆದುವಾಗಿಸುವಂತಿತ್ತು.

ಬಣ್ಣದಲ್ಲಿ ನನ್ನನ್ನು ಕಾಡಿದ್ದು ಕಲ್ಲಿನ ಮೇಲಿನ ಪಾಚಿಯೊಂದೇ. ಅಡೋಬಿ ಆರ್‌ಜಿಬಿ ಎಂಬ ಬಣ್ಣದ ಹರವಿನಲ್ಲಿ ಮಿಂಚುತ್ತಿದ್ದ ಆ ಹಳದಿ ಹಸಿರು ಕಾಗದದ ವ್ಯಾಪ್ತಿಗೆ ಹೊರಗಿದೆಯೆಂದು ತಂತ್ರಾಂಶ ಎಚ್ಚರಿಸುತ್ತಿತ್ತು. ಇಡೀ ಚಿತ್ರವನ್ನು ಮಂಕಾಗಿಸದೆ, ಆ ಭಾಗದ ಬಣ್ಣದ ಗಾಢತೆಯನ್ನು (ಸ್ಯಾಚುರೇಶನ್) ಮಾತ್ರ ತಗ್ಗಿಸಿದಾಗ ಪಾಚಿಯ ಒಳಗಿನ ಏರುಪೇರುಗಳು ಮರಳಿ ಬಂದವು. ಕೊನೆಯ ಕಡತವನ್ನು ಲ್ಯಾಬಿನವರ ಕೋರಿಕೆಯಂತೆ ಎಸ್‌ಆರ್‌ಜಿಬಿ ಎಂಬ ಇನ್ನೊಂದು ಹರವಿಗೆ ಬದಲಾಯಿಸಿ, ಪ್ರೊಫೈಲನ್ನು ಕಡತದೊಳಗೇ ಇರಿಸಿದೆ. ಎಸ್‌ಆರ್‌ಜಿಬಿ 1996ರಲ್ಲಿ ಸಾಮಾನ್ಯ ಪರದೆಗಳಿಗೆಂದು ರೂಪುಗೊಂಡದ್ದು, ಅಡೋಬಿ ಆರ್‌ಜಿಬಿ 1998ರದ್ದು. ಎರಡನೆಯದರ ಹರವು ಹಸಿರು ಮತ್ತು ನೀಲಿಹಸಿರಿನ ಕಡೆ ದೊಡ್ಡದು. ಆದರೆ ಪ್ರೊಫೈಲ್ ಇಲ್ಲದ ಅಡೋಬಿ ಆರ್‌ಜಿಬಿ ಕಡತವನ್ನು ಯಂತ್ರ ಎಸ್‌ಆರ್‌ಜಿಬಿಯೆಂದು ಭಾವಿಸಿದರೆ ಬಣ್ಣಗಳೆಲ್ಲ ಬಸವಳಿದಂತೆ ಮುದ್ರಣವಾಗುತ್ತವೆ.

ಇಷ್ಟಾದರೂ ಪರದೆಯನ್ನು ಪೂರ್ತಿ ನಂಬುವ ಧೈರ್ಯ ಬರಲಿಲ್ಲ. ಲ್ಯಾಬಿನ ಹಿರಿಯ ಆಪರೇಟರ್ ಒಬ್ಬರು ಕೊಟ್ಟ ಸಲಹೆ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದದ್ದು. “ಸರ್, ಪೂರ್ತಿ ಚಿತ್ರವನ್ನು ಚಿಕ್ಕದಾಗಿ ಪ್ರಿಂಟ್ ಮಾಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದೊಡ್ಡ ಫೈಲಿನಿಂದಲೇ ತುಂಡುಗಳನ್ನು ಕತ್ತರಿಸಿ ಒಂದು ಹಾಳೆಯಲ್ಲಿ ಜೋಡಿಸಿ ಕೊಡಿ” ಎಂದರು. 12×8 ಇಂಚಿನ ಹಾಳೆಗೆ, ಅಂದರೆ 3600×2400 ಪಿಕ್ಸೆಲ್‌ಗಳ ಖಾಲಿ ಕಡತಕ್ಕೆ, 9000×6000 ಚಿತ್ರದಿಂದ ಕಾಂಡ, ತೆಳು ಕೊಂಬೆ, ಮಂಜು ಮತ್ತು ಪಾಚಿಯ ತುಂಡುಗಳನ್ನು ಗಾತ್ರ ಬದಲಿಸದೆ ತಂದು ಜೋಡಿಸಿದೆ. ಕಾಂಡದ ತುಂಡನ್ನು ಮೂರು ಬೆಳಕಿನಲ್ಲಿ ಇಟ್ಟೆ: ಇದ್ದ ಹಾಗೆ, ಮೂರನೇ ಒಂದು ಸ್ಟಾಪ್ ಹೆಚ್ಚು, ಮೂರನೇ ಎರಡು ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು). ಕೊಂಬೆಯ ತುಂಡಿಗೆ ಶಾರ್ಪನಿಂಗಿನ ಬೇರೆಬೇರೆ ಪ್ರಮಾಣಗಳನ್ನು ಕೊಟ್ಟು, ಪಕ್ಕದಲ್ಲೇ ಆ ಸಂಖ್ಯೆಗಳನ್ನು ಬರೆದೆ.

ಶಾರ್ಪನಿಂಗ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅದನ್ನು ಚಿತ್ರ ಸೆರೆಯಾದ ಹಂತ, ಕಲಾತ್ಮಕ ಹಂತ, ಮುದ್ರಣದ ಹಂತ ಎಂದು ಮೂರಾಗಿ ವಿಂಗಡಿಸುವ ಕ್ರಮವನ್ನು ಜನಪ್ರಿಯಗೊಳಿಸಿದವರು ಡಿಜಿಟಲ್ ಚಿತ್ರಗಳ ಬಗ್ಗೆ ಬರೆದ ಲೇಖಕ ಬ್ರೂಸ್ ಫ್ರೇಸರ್. ಕೊನೆಯ ಹಂತದ ಉದ್ದೇಶ, ಶಾಯಿ ಕಾಗದದಲ್ಲಿ ಹರಡುವಾಗ ಕಳೆದುಹೋಗುವ ಹರಿತವನ್ನು ಮೊದಲೇ ತುಂಬಿಕೊಡುವುದು. ಅನ್‌ಶಾರ್ಪ್ ಮಾಸ್ಕ್ ಎಂಬ ಉಪಕರಣ ಅಂಚಿನ ಒಂದು ಬದಿಯನ್ನು ಕಪ್ಪಾಗಿಸಿ ಇನ್ನೊಂದು ಬದಿಯನ್ನು ಬೆಳ್ಳಗಾಗಿಸುತ್ತದೆ. ಡಾರ್ಕ್‌ರೂಮ್ ಕಾಲದಲ್ಲಿ ನೆಗೆಟಿವ್‌ನ ಮಸುಕಾದ ಪಾಸಿಟಿವ್ ಪ್ರತಿಯೊಂದನ್ನು ನೆಗೆಟಿವ್‌ಗೇ ಜೋಡಿಸಿ ಇದನ್ನು ಮಾಡುತ್ತಿದ್ದರು, ಹೆಸರು ಅಲ್ಲಿಂದ ಬಂದದ್ದು. ಆ ಅಂಚಿನ ಗೆರೆ ಇಂಚಿನ 100ನೇ ಒಂದು ಭಾಗದಷ್ಟಿದ್ದರೆ, ಅಂದರೆ 300 ಪಿಪಿಐಯಲ್ಲಿ 3 ಪಿಕ್ಸೆಲ್, ಕೈಯಳತೆಯ ದೂರದಿಂದ ಅದು ಗೆರೆಯಾಗಿ ಕಾಣದೆ ಹರಿತವಾಗಿ ಕಾಣುತ್ತದೆ. ಪರದೆಯಲ್ಲಿ ತುಸು ಅತಿಯೆನಿಸುವ ಪ್ರಮಾಣವೇ ಕಾಗದದಲ್ಲಿ ಸರಿಯೆನಿಸುತ್ತದೆಂದು ಓದಿದ್ದರೂ ನಂಬಿಕೆಯಿರಲಿಲ್ಲ.

ಪರೀಕ್ಷಾ ಹಾಳೆ ಬಂದಾಗ ನಂಬಿಕೆ ಬಂತು. ಪರದೆಯಲ್ಲಿ ಕಣ್ಣಿಗೆ ಚುಚ್ಚುತ್ತಿದ್ದ ಕೊಂಬೆ ಕಾಗದದಲ್ಲಿ ಸಹಜವಾಗಿತ್ತು. ಪರದೆಯಲ್ಲಿ ಸಹಜವಾಗಿದ್ದದ್ದು ಇಲ್ಲಿ ಮೆತ್ತಗಾಗಿತ್ತು. ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣ ಕೊಟ್ಟ ತುಂಡಿನಲ್ಲಿ ಮಾತ್ರ ಬಿಳಿ ಗೆರೆ ಮೂಡಿತ್ತು. ಕಾಂಡದ ಬೆಳಕನ್ನು ನಿರ್ಧರಿಸುವುದು ಇದಕ್ಕಿಂತ ಕಷ್ಟವಾಯಿತು, ಏಕೆಂದರೆ ಉತ್ತರ ನಾನು ನಿಂತ ಜಾಗದೊಂದಿಗೆ ಬದಲಾಗುತ್ತಿತ್ತು. ಮುದ್ರಣವನ್ನು ಪರಿಶೀಲಿಸುವ ಬೆಳಕಿಗೆ ಐಎಸ್‌ಒ 3664 ಎಂಬ ಮಾನದಂಡವಿದೆ: ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್, ಸಾಮಾನ್ಯ ವೀಕ್ಷಣೆಗೆ 500 ಲಕ್ಸ್. ಮನೆಯ ಕೋಣೆಯ ಸಂಜೆಯ ದೀಪ ಅದರ ಹತ್ತಿರಕ್ಕೂ ಬರುವುದಿಲ್ಲ. ಕಿಟಕಿಯ ಬಳಿ ಹಿಡಿದಾಗ ಮೊದಲ ತುಂಡೇ ಸಾಕೆನಿಸಿತು. ಚಿತ್ರ ತೂಗುವ ಗೋಡೆಯ ಮೇಲೆ ಅಂಟಿಸಿ ರಾತ್ರಿ ನೋಡಿದಾಗ ಮೂರನೆಯದು ಬೇಕೆನಿಸಿತು. ಹಾಳೆಯನ್ನು ಅಲ್ಲೇ ಬಿಟ್ಟು ಹಗಲು ರಾತ್ರಿ ಹಾದುಹೋಗುವಾಗಲೆಲ್ಲ ನೋಡಿ, ನಡುವಿನದನ್ನು ಆರಿಸಿದೆ. ಚಿತ್ರ ಬದುಕಬೇಕಾದ ಜಾಗದಲ್ಲಿಯೇ ಅದನ್ನು ಪರೀಕ್ಷಿಸುವುದು ಯಾವ ಮಾನದಂಡಕ್ಕಿಂತಲೂ ಮೇಲೆಂದು ನನ್ನ ಅಭಿಪ್ರಾಯ.

ಉಳಿದದ್ದು ಕಡತ ಒಪ್ಪಿಸುವ ವಿಧಿ. ಪದರಗಳನ್ನು ಒಂದಾಗಿಸಿ, 8 ಬಿಟ್‌ಗೆ ಇಳಿಸಿ, ಗುಣಮಟ್ಟ ಕಳೆಯದ ಟಿಫ್ ರೂಪದಲ್ಲಿ ಉಳಿಸಿದೆ; ಅತ್ಯುನ್ನತ ಗುಣಮಟ್ಟದ ಜೆಪೆಗ್ ಕೊಟ್ಟಿದ್ದರೂ ಕಣ್ಣಿಗೆ ವ್ಯತ್ಯಾಸ ಸಿಗುತ್ತಿರಲಿಲ್ಲ. ಕಡತದ ಹೆಸರಿನಲ್ಲೇ ಅಳತೆ ಮತ್ತು ಕಾಗದವನ್ನು ಬರೆದು, ಯಂತ್ರದ ತಾನಾಗಿಯೇ ತಿದ್ದುವ ಆಯ್ಕೆಯನ್ನು ಮುಚ್ಚುವಂತೆ ಲಿಖಿತವಾಗಿ ಕೇಳಿಕೊಂಡೆ. ಅದು ತೆರೆದಿದ್ದರೆ ಮಂಜನ್ನು ಕಾಂಟ್ರಾಸ್ಟ್ ಕಡಿಮೆಯಿರುವ ದೋಷಯುಕ್ತ ಚಿತ್ರವೆಂದು ತಿಳಿದು ‘ಸರಿಪಡಿಸುವ’ ಸಾಧ್ಯತೆ ಇತ್ತು.

ಮುದ್ರಣಗಳು ಬಂದ ಮೇಲೆ ತಕ್ಷಣ ಗಾಜಿನ ಹಿಂದೆ ಹಾಕಿಸಲಿಲ್ಲ. ಶಾಯಿಯಲ್ಲಿನ ದ್ರಾವಕಗಳು ಪೂರ್ತಿ ಆರದಿದ್ದರೆ ಗಾಜಿನ ಒಳಮೈಯಲ್ಲಿ ಮಸುಕು ಕಟ್ಟುತ್ತದೆ. ತೆರೆದ ಗಾಳಿಯಲ್ಲಿ ಚೆನ್ನಾಗಿ ಆರಲು ಬಿಟ್ಟು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಹಲಗೆ ಇಡಿಸಿದೆ. ಕಾಡಿನ ಚಿತ್ರವನ್ನು ಕಿಟಕಿಯ ಎದುರಿನ ಗೋಡೆಯಲ್ಲಿ ತೂಗಿದಾಗ ಗಾಜಿನಲ್ಲಿ ಕಿಟಕಿಯೇ ಕಾಣುತ್ತಿದ್ದುದರಿಂದ ಪಕ್ಕದ ಗೋಡೆಗೆ ಸರಿಸಬೇಕಾಯಿತು. ಅಜ್ಜಿಯ ಮ್ಯಾಟ್ ಚಿತ್ರಕ್ಕೆ ಗಾಜನ್ನೇ ಹಾಕಿಸಲಿಲ್ಲ. 16 ಬಿಟ್‌ನ, ಪದರಗಳಿರುವ, ಹಿಗ್ಗಿಸದ ಮತ್ತು ಮುದ್ರಣದ ಶಾರ್ಪನಿಂಗ್ ಮಾಡದ ಮೂಲ ಪ್ರತಿಗಳು ಬೇರೆಯಾಗಿ ಉಳಿದಿವೆ. ತಂಗಿ ಕಾಡಿನ ಚಿತ್ರದ 12×8 ಪ್ರತಿಯೊಂದನ್ನು ಕೇಳಿದ್ದಾಳೆ. ಆ ಅಳತೆಯಲ್ಲಿ 6000 ಪಿಕ್ಸೆಲ್ ಇಂಚಿಗೆ 500 ಆಗುವುದರಿಂದ ಈ ಬಾರಿ ಹಿಗ್ಗಿಸುವ ಬದಲು ಕುಗ್ಗಿಸಿ, ಶಾರ್ಪನಿಂಗನ್ನು ಮೊದಲಿನಿಂದ ಮಾಡಬೇಕಿದೆ.